ಮುಖ ಬಿಡಿ, ಭಾರ ನೋಡಿ

ಪ್ರಶ್ನೆ: ಚಿತ್ರದಲ್ಲಿ ಬಣ್ಣ ಇದೆ, ಸಿನಿಮಾದಲ್ಲಿ ಮಾತು, ಸಂಗೀತ ಇದೆ. ಶಿಲ್ಪದಲ್ಲಿ ಇರುವುದು ಬರೀ ಕಲ್ಲು. ಆದರೂ ಕೆಲವು ಶಿಲ್ಪಗಳ ಮುಂದೆ ನಿಂತಾಗ ಸಂಕಟವೋ ಆಸೆಯೋ ಏನೋ ಒಂದು ತಟ್ಟುತ್ತದೆ. ಇದು ಶಿಲ್ಪಿಯ ಕೈಚಳಕವೋ, ಸುಮ್ನೆ ನಮ್ಮ ಕಲ್ಪನೆಯೋ?

ಉತ್ತರ: ಕೈಚಳಕವೇ. ನಾವು ಮುಖ ನೋಡುವುದು ಜಾಸ್ತಿ. ಶಿಲ್ಪಿ ಹೆಚ್ಚು ಬೆವರು ಸುರಿಸಿರುವುದು ಕತ್ತಿನಿಂದ ಕೆಳಗೆ. ಮೈಯ ಭಾರ ಯಾವ ಕಾಲಿನ ಮೇಲಿದೆ ಅಂತ ಮೊದಲು ನೋಡಿ. ಗ್ರೀಸಿನ ತೀರಾ ಹಳೆಯ ಯುವಕರ ವಿಗ್ರಹಗಳು ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ಸೆಟೆದು ನಿಂತಿರುತ್ತವೆ. ಕ್ರಿ.ಪೂ. 480ರ ಸುಮಾರಿನ ‘ಕ್ರಿಟಿಯೋಸ್ ಹುಡುಗ’ನಲ್ಲಿ ಭಾರ ಒಂದು ಕಾಲಿಗೆ ಜಾರುತ್ತದೆ, ಸೊಂಟ ಓರೆಯಾಗುತ್ತದೆ, ಇನ್ನೊಂದು ಮಂಡಿ ಸಡಿಲವಾಗುತ್ತದೆ. ಅಷ್ಟಕ್ಕೇ ಅವನು ಬದುಕಿರುವವನ ಹಾಗೆ ಕಾಣತೊಡಗುತ್ತಾನೆ. ಮೈಯನ್ನು ಮೂರು ಕಡೆ ಬಳುಕಿಸಿ ನಿಲ್ಲಿಸುವ ನಮ್ಮ ಶಿಲ್ಪಿಗಳ ತ್ರಿಭಂಗಿಯೂ ಇದೇ ಗುಟ್ಟು ಬಲ್ಲದ್ದು. ಬೇಲೂರಿನ ದರ್ಪಣ ಸುಂದರಿಯ ಮುಖಕ್ಕಿಂತ ಅವಳ ಸೊಂಟದ ತಿರುವೇ ಅವಳ ಬೆಡಗನ್ನು ಹೇಳುತ್ತದೆ, ಅಲ್ವಾ?

ಇನ್ನೊಂದು ಗುಟ್ಟು ಸ್ಪರ್ಶ. ರೋಮ್‌ನ ಬೋರ್ಗೀಸ್ ಗ್ಯಾಲರಿಯಲ್ಲಿ ಇಟಲಿಯ ಶಿಲ್ಪಿ ಬೆರ್ನಿನಿ 1621–22ರಲ್ಲಿ ಕಡೆದ ಅಮೃತಶಿಲೆಯ ಶಿಲ್ಪವಿದೆ. ರೋಮನ್ ಪುರಾಣದ ಪಾತಾಳದ ದೇವರು ಪ್ಲೂಟೊ, ಪ್ರೊಸರ್ಪಿನಾ ಅನ್ನುವ ಹುಡುಗಿಯನ್ನು ಹೊತ್ತೊಯ್ಯುತ್ತಿದ್ದಾನೆ. ಅವನ ಬೆರಳುಗಳು ಅವಳ ತೊಡೆಯೊಳಗೆ ಹೂತಿವೆ. ಕಲ್ಲು ನಿಜವಾದ ಮಾಂಸದ ಹಾಗೆ ತಗ್ಗಿದೆ. ಇಪ್ಪತ್ಮೂರರ ಹುಡುಗನೊಬ್ಬ ಇದನ್ನು ಮಾಡಿ ಮುಗಿಸಿದ ಅಂದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಆ ತೊಡೆಯ ಮೃದುತ್ವಕ್ಕೆ ಮರುಳಾಗಿ ಅಲ್ಲೇ ನಿಂತುಬಿಟ್ಟರೆ ಅರ್ಧ ಶಿಲ್ಪ ತಪ್ಪಿಹೋಗುತ್ತದೆ. ಅವಳ ಕೈ ಅವನ ಮುಖವನ್ನು ದೂಡುತ್ತಿದೆ, ಕೆನ್ನೆಯ ಮೇಲೆ ಕಣ್ಣೀರಿದೆ. ಅದು ಅಪಹರಣ, ಪ್ರಣಯವಲ್ಲ.

ಫ್ರೆಂಚ್ ಶಿಲ್ಪಿ ರೊಡಾನ್‌ನ ‘ಚುಂಬನ’ದಲ್ಲಿ ಇದರ ತದ್ವಿರುದ್ಧ. ಅವಳ ತೋಳು ಅವನ ಕೊರಳನ್ನು ಬಳಸಿದೆ, ಅವನ ಕೈ ಅವಳ ಸೊಂಟದ ಕೆಳಗೆ ಹಗುರಾಗಿ ಕೂತಿದೆ, ತುಟಿಗಳು ಮಾತ್ರ ಇನ್ನೂ ಪೂರ್ತಿ ಕೂಡಿಲ್ಲ. ಆ ಚೂರು ಅಂತರದಲ್ಲೇ ಆಸೆಯೆಲ್ಲ ಇರುವುದು. ಕೂಡಿಬಿಟ್ಟಿದ್ದರೆ ಇಷ್ಟು ಕಾಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಪ್ರಶ್ನೆ: ಬೆತ್ತಲೆ ಶಿಲ್ಪಗಳನ್ನು ಮಕ್ಕಳ ಜೊತೆ ನೋಡುವಾಗ ಮುಜುಗರವಾಗುತ್ತದೆ. ಭಾವನೆ ತೋರಿಸಲು ಬಟ್ಟೆ ಬಿಚ್ಚಲೇಬೇಕಾ?

ಉತ್ತರ: ಬೇಕಿಲ್ಲ. ಬೆತ್ತಲೆ ಬೇರೆ, ಶೃಂಗಾರ ಬೇರೆ. ಮೈಕೆಲಾಂಜೆಲೊ 1504ರಲ್ಲಿ ಮುಗಿಸಿದ, ಬೈಬಲ್ ಕಥೆಯ ಡೇವಿಡ್ ಮೈಮೇಲೆ ನೂಲೆಳೆಯೂ ಇಲ್ಲ, ಆದರೆ ಅವನ ಗಂಟಿಕ್ಕಿದ ಹುಬ್ಬು, ಉಬ್ಬಿದ ಕೈನರ ನೋಡಿದವರಿಗೆ ಕಾಣುವುದು ದೈತ್ಯನನ್ನು ಎದುರಿಸಲು ಕಾಯುತ್ತಿರುವವನ ಬಿಗುಪು. ಬೆರ್ನಿನಿಯ ಸಂತ ತೆರೇಸಾ (ಹದಿನಾರನೇ ಶತಮಾನದ ಸ್ಪೇನಿನ ಸನ್ಯಾಸಿನಿ) ಮಾತ್ರ ಅಡಿಯಿಂದ ಮುಡಿಯವರೆಗೆ ದಪ್ಪ ಬಟ್ಟೆಯಲ್ಲಿ ಮುಳುಗಿದ್ದಾಳೆ. ಕಾಣುವುದು ಮುಖ, ಕೈ, ಸಡಿಲವಾಗಿ ಜೋತುಬಿದ್ದ ಒಂದು ಪಾದ. ದೇವರ ಪ್ರೀತಿಯಲ್ಲಿ ಮೈಮರೆತವಳು ಅನ್ನುತ್ತಾರೆ. ಆ ಮೈಮರೆವು ಎಷ್ಟು ದೈಹಿಕವಾಗಿದೆ ಅಂತ ಜನ ಇವತ್ತಿಗೂ ಜಗಳವಾಡುತ್ತಾರೆ. ಚರ್ಚಿನೊಳಗೇ ಇದೆ, ಮರೆಯಬೇಡಿ!

ದುಃಖಕ್ಕಂತೂ ಬೆತ್ತಲೆ ಬೇಕೇ ಇಲ್ಲ. ಜರ್ಮನ್ ಕಲಾವಿದೆ ಕ್ಯಾಥೆ ಕೋಲ್ವಿಟ್ಸ್ ಮಗ ಪೀಟರ್ 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ. 1932ರಲ್ಲಿ ಅವಳು ತಂದೆ–ತಾಯಿಯ ಎರಡು ಕಲ್ಲಿನ ವಿಗ್ರಹಗಳನ್ನು ಮುಗಿಸಿದಳು. ಇಬ್ಬರೂ ಮಂಡಿಯೂರಿದ್ದಾರೆ. ತಾಯಿ ಮುಂದಕ್ಕೆ ಬಾಗಿಹೋಗಿದ್ದಾಳೆ. ತಂದೆ ನೆಟ್ಟಗಿದ್ದಾನೆ, ಎರಡೂ ತೋಳುಗಳಿಂದ ತನ್ನನ್ನೇ ಬಿಗಿಹಿಡಿದುಕೊಂಡು. ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಮಗನನ್ನು ಕಳೆದುಕೊಂಡವರು ಅಕ್ಕಪಕ್ಕದಲ್ಲಿದ್ದೂ ಒಂಟಿ ಅನ್ನುವುದನ್ನು ಹೇಳಲು ಅಳುವ ಮುಖ ಬೇಕಾಗಲಿಲ್ಲ.

ಮಕ್ಕಳ ವಿಷಯ: ಮುಜುಗರ ಅವರದ್ದಲ್ಲ, ನಿಮ್ಮದು. ಅವರು ಎರಡು ನಿಮಿಷ ನಕ್ಕು ಮುಂದೆ ಹೋಗುತ್ತಾರೆ.

ಪ್ರಶ್ನೆ: ಶಿಲ್ಪ ನೋಡಲು ಏನಾದರೂ ಕ್ರಮ ಇದೆಯಾ?

ಉತ್ತರ: ಸುತ್ತು ಹಾಕಿ. ಬೆನ್ನು, ಪಾದ ನೋಡಿ. ಆಮೇಲೆ ಅದೇ ಭಂಗಿಯಲ್ಲಿ ನೀವೂ ಇರಲು ನೋಡಿ. ರೊಡಾನ್‌ನ ‘ಚಿಂತಕ’ ಬಲ ಮೊಣಕೈಯನ್ನು ಎಡ ತೊಡೆಯ ಮೇಲೆ ಊರಿದ್ದಾನೆ. ಹಾಗೆ ಕೂತು ನೋಡಿ, ಬೆನ್ನು ಹಿಡಿಯುತ್ತದೆ. ಅವನಿಗೆ ಯೋಚನೆ ಎಷ್ಟು ಕಷ್ಟದ ಕೆಲಸ ಅಂತ ಆಗ ಗೊತ್ತಾಗುತ್ತದೆ. ಶಿಲ್ಪವನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಬೆನ್ನು ನೋಡುವ ಆಸೆ ಬಿಡಿ, ಪಕ್ಕದಿಂದ ಇಣುಕಿ ಎಷ್ಟು ಕಾಣುತ್ತೋ ಅಷ್ಟು.