ಹಾಸ್ಯ ಕಾದಂಬರಿ ಐವತ್ತನೆಯ ಪುಟದ ಬಳಿ ಏಕೆ ನಿಂತುಹೋಗುತ್ತದೆ?

ಹಾಸ್ಯ ಲೇಖನಗಳನ್ನು ಸಲೀಸಾಗಿ ಬರೆಯುವ ನೀವು, ಹಾಸ್ಯ ಕಾದಂಬರಿಗೆ ಕೈಹಾಕಿದಾಗಲೆಲ್ಲ ಐವತ್ತನೆಯ ಪುಟದ ಸುಮಾರಿಗೆ ನಿಂತುಬಿಡುವುದೇಕೆ ಎಂದು ಕೇಳಿದ್ದೀರಿ. ನಾನೂ ಅಲ್ಲಿಯೇ ನಿಂತವನು. ಮೊದಲ ಕರಡನ್ನು ಪೂರ್ತಿಯಾಗಿ ಬದಿಗಿಟ್ಟು ಎರಡನೆಯದನ್ನು ಮುಗಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಹಾಸ್ಯ ಬತ್ತಿಲ್ಲ. ಬಹುಶಃ ನಿಮ್ಮ ಕಥೆಯಲ್ಲಿ ಯಾರಿಗೂ ಯಾವುದೂ ಪ್ರಾಣ ಹೋಗುವಷ್ಟು ಬೇಕಾಗಿಲ್ಲ.

ಮೂರು ಪುಟದ ಲೇಖನಕ್ಕೆ ಒಂದು ಚುರುಕಾದ ಅವಲೋಕನ ಸಾಕು, ಏಕೆಂದರೆ ಓದುಗ ನಕ್ಕು ಎದ್ದುಹೋದರೂ ನಷ್ಟವಿಲ್ಲ. ಕಾದಂಬರಿಯಲ್ಲಿ ಅವನು ನಕ್ಕ ಮೇಲೂ ಪುಟ ತಿರುವಬೇಕು. ಆದರೆ ನಗು ಬಿಗಿಯನ್ನು ಸಡಿಲಿಸುತ್ತದೆ. ಸಡಿಲಗೊಂಡ ಮನಸ್ಸನ್ನು ಮುಂದಕ್ಕೆ ಎಳೆಯುವ ಎಳೆಯೊಂದು ಅಡಿಯಲ್ಲಿ ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯುತ್ತದೆ. ನನ್ನ ಮೊದಲ ಕರಡನ್ನು ಓದಿದ ಗೆಳತಿಯೊಬ್ಬರು, ಪ್ರತಿ ಅಧ್ಯಾಯವೂ ಚೆನ್ನಾಗಿದೆ, ಆದರೆ ಏಳನೆಯದರ ನಂತರ ಕೆಳಗಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಳ್ಳುವ ನೆನಪೇ ಆಗಲಿಲ್ಲ ಎಂದರು. ನನ್ನ ನಾಯಕ ನಗೆಪಾಟಲಿಗೆಂದೇ ಹುಟ್ಟಿದವನಾಗಿದ್ದ. ಎರಡನೆಯ ಕರಡಿನಲ್ಲಿ ಅವನಿಗೊಂದು ಹಂಬಲ ಕೊಟ್ಟೆ: ಇಪ್ಪತ್ತು ವರ್ಷಗಳಿಂದ ಮಾತು ಬಿಟ್ಟಿರುವ ತಮ್ಮನೊಂದಿಗೆ ಮತ್ತೆ ಮಾತಾಡಬೇಕು, ಆದರೆ ತಾನಾಗಿಯೇ ಮೊದಲು ಬಾಯಿ ತೆರೆಯಬಾರದು. ತಮ್ಮನಿಗೆ ಆಕಸ್ಮಿಕವಾಗಿ ಎದುರಾದಂತೆ ಕಾಣಿಸಿಕೊಳ್ಳಲು ಅವನು ಹೂಡುವ ಉಪಾಯಗಳಿಂದಲೇ ಹಾಸ್ಯ ಹುಟ್ಟತೊಡಗಿತು. ನಾನು ಹೊರಗಿನಿಂದ ನಗೆಹನಿಗಳನ್ನು ತಂದು ಸುರಿಯುವ ಅಗತ್ಯವೇ ಉಳಿಯಲಿಲ್ಲ.

ಸ್ಪೇನಿನ ಲೇಖಕ ಸರ್ವಾಂಟಿಸ್‌ನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯನ್ನು ಈ ದೃಷ್ಟಿಯಿಂದ ಓದಿ ನೋಡಿ. 1605ರ ಮೊದಲ ಭಾಗದಲ್ಲಿ ಪೆದ್ದನಂತೆ ಕಾಣುವ, ನಾಯಕನ ಸೇವಕ ಸಾಂಚೋ, 1615ರ ಎರಡನೆಯ ಭಾಗದಲ್ಲಿ ಪರಿಹಾಸ್ಯಕ್ಕಾಗಿ ರಾಜ್ಯಪಾಲನ ಪಟ್ಟಕ್ಕೇರಿಸಲ್ಪಟ್ಟಾಗ, ಗೇಲಿ ಮಾಡಲು ಕಾದಿದ್ದವರೇ ಬೆರಗಾಗುವಂತೆ ನ್ಯಾಯ ಹೇಳುತ್ತಾನೆ. ನಗೆಯ ಪಾತ್ರವನ್ನು ಇಷ್ಟು ಗೌರವದಿಂದ ಬೆಳೆಯಗೊಟ್ಟದ್ದರಿಂದಲೇ ಅಷ್ಟು ದೊಡ್ಡ ಗ್ರಂಥ ಭಾರವೆನಿಸುವುದಿಲ್ಲ ಎಂದು ನಾನು ನಂಬಿದ್ದೇನೆ.

ಕಥೆಯ ಹೆಣಿಗೆಯ ಕಷ್ಟವೂ ಸಣ್ಣದಲ್ಲ. ಇಂಗ್ಲಿಷ್ ಹಾಸ್ಯ ಕಾದಂಬರಿಕಾರ ಪಿ. ಜಿ. ವುಡ್‌ಹೌಸ್ ಕಾದಂಬರಿ ಆರಂಭಿಸುವ ಮುನ್ನವೇ ಸುಮಾರು 400 ಪುಟಗಳಷ್ಟು ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದಾಗಿ ಹೇಳಿದ್ದರು. ತಪ್ಪು ತಿಳಿವಳಿಕೆಯ ಮೇಲೆ ನಿಂತ ಕಥೆಗೆ ಅಂಥ ಸಿದ್ಧತೆ ಬೇಕು. ಒಂದು ನೇರ ಪ್ರಶ್ನೆಯಿಂದ ಬಗೆಹರಿಯಬಹುದಾದ ಗೊಂದಲವನ್ನು ನೂರು ಪುಟ ಎಳೆದರೆ ಓದುಗನಿಗೆ ರೇಗುತ್ತದೆ, ಆದ್ದರಿಂದ ಪಾತ್ರ ಆ ಪ್ರಶ್ನೆಯನ್ನು ಕೇಳದಿರಲು ಅದರ ಸ್ವಭಾವದಲ್ಲೇ ಕಾರಣವಿರಬೇಕು.

ಇನ್ನು ವಾಕ್ಯದ ಮಾತು. ಇದು ನನಗೆ ಬಹಳ ಪ್ರಿಯವಾದದ್ದು. ನಗೆಯುಕ್ಕಿಸುವ ಪದ ವಾಕ್ಯದ ತುದಿಯಲ್ಲಿದ್ದರೆ ಚೆನ್ನ, ಆದರೆ ಕನ್ನಡದಲ್ಲಿ ಆ ಜಾಗವನ್ನು ಸಾಮಾನ್ಯವಾಗಿ ಕ್ರಿಯಾಪದ ಹಿಡಿದಿರುತ್ತದೆ. ‘ಹತ್ತು ವರ್ಷ ದಾವೆ ಹೂಡಿ ಅವನು ಒಂದು ಛತ್ರಿಯನ್ನು ಗೆದ್ದನು’ ಎಂದರೆ ಛತ್ರಿ ನಡುವೆಯೇ ಬಯಲಾಗುತ್ತದೆ. ‘ಹತ್ತು ವರ್ಷ ದಾವೆ ಹೂಡಿ ಅವನು ಗೆದ್ದದ್ದು ಒಂದು ಛತ್ರಿ’ ಎಂದಾಗ ಅದು ಸರಿಯಾದ ಗಳಿಗೆಯವರೆಗೂ ಕಾಯುತ್ತದೆ. ಇಂಥ ಜೋಡಣೆಯನ್ನು ಪ್ರತಿ ಪುಟದಲ್ಲೂ ಬಳಸಿದರೆ ಅದೇ ಚಾಳಿಯಾಗುವುದರಿಂದ ಮಿತವಿರಲಿ.

ನನ್ನನ್ನು ಹೆಚ್ಚು ಕಂಗೆಡಿಸಿದ್ದು ಮರು ಓದು. ಹತ್ತನೆಯ ಸಲ ಓದುವಾಗ ಯಾವ ಸಾಲೂ ನಗಿಸುವುದಿಲ್ಲ, ಆಗ ಜೀವಂತವಾಗಿರುವುದನ್ನೇ ಕತ್ತರಿಸಿ ಹೊಸದನ್ನು ತುರುಕುವ ಆಸೆಯಾಗುತ್ತದೆ. ಹಾಗೆ ಕಳೆದುಕೊಂಡ ಕೆಲವು ಪುಟಗಳ ಬಗ್ಗೆ ನನಗೆ ಇಂದಿಗೂ ದುಃಖವಿದೆ. ಆಮೇಲೆ ಕಥೆ ತಿಳಿಯದವರ ಎದುರು ಗಟ್ಟಿಯಾಗಿ ಓದಿ, ಅವರು ನಿಜವಾಗಿ ನಕ್ಕ ಕಡೆ ಅಂಚಿನಲ್ಲಿ ಗುರುತು ಹಾಕಿ, ಆ ಸಾಲುಗಳನ್ನು ಮುಟ್ಟದಿರುವ ನಿಯಮ ಮಾಡಿಕೊಂಡೆ.

ಮುಕ್ತಾಯದಲ್ಲಿಯೂ ಎಚ್ಚರ ಬೇಕು, ಏಕೆಂದರೆ ಅಲ್ಲಿಗೆ ಬರುವ ವೇಳೆಗೆ ಲೇಖಕನಿಗೆ ಗಂಭೀರನಾಗುವ ಆಸೆ ಹುಟ್ಟುತ್ತದೆ. ಅಣ್ಣತಮ್ಮಂದಿರು ಅಪ್ಪಿಕೊಂಡು ಅಳುವಂತೆ ನಾನು ಬರೆದಿದ್ದೆ. ಅದು ಬೇರೊಂದು ಕಾದಂಬರಿಯ ಕೊನೆಯಂತಿತ್ತು. ಈಗಿನ ಕೊನೆಯ ದೃಶ್ಯದಲ್ಲಿ ಅವರಿಬ್ಬರೂ, ಮೊದಲು ಮಾತು ಬಿಟ್ಟವರು ಯಾರು ಎಂದು ರಾತ್ರಿಯಿಡೀ ವಾದಿಸುತ್ತ ಕುಳಿತಿದ್ದಾರೆ.