ಲೇತ್ ಇಟ್ಟವರ ಧೈರ್ಯ

ನಿಮ್ಮ ಪತ್ರದಲ್ಲಿ ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ತಂದೆ ಎರಡು ಲೇತ್ (ಲೋಹ ಕಡೆಯುವ ಯಂತ್ರ) ಇಟ್ಟು ಶುರುಮಾಡಿದ ವರ್ಕ್‌ಶಾಪನ್ನು ನೀವು ನಡೆಸುತ್ತಿದ್ದೀರಿ. ಮಗನಿಗೆ ಅದು ಬೇಡವಾಗಿದೆ. ‘ಅಪ್ಪನಿಗಿದ್ದ ಧೈರ್ಯ ಈ ಮಕ್ಕಳಿಗೆ ಯಾಕಿಲ್ಲ?’ ಎಂದು ಕೇಳಿದ್ದೀರಿ.

ಮಗನನ್ನು ಪುಕ್ಕಲ ಅನ್ನಬೇಡಿ. ನಿಮ್ಮ ತಂದೆ ಧೈರ್ಯಸ್ಥರೇ, ಆದರೆ ಅವರ ಕಾಲದವರ ಬೆನ್ನಿಗೆ ಯಾರಿದ್ದರು ನೋಡಿ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬಂದವು. ಕೆಲಸ ಕಲಿಸಿದವೂ ಅವೇ, ಹೊರಬಂದು ಶೆಡ್ ಹಾಕಿದವರಿಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್ ಕೊಟ್ಟವೂ ಅಂಥ ಕಾರ್ಖಾನೆಗಳೇ. ಯಂತ್ರಕ್ಕೆ ಸಾಲ ಕೊಡಲೆಂದೇ 1959ರಲ್ಲಿ ರಾಜ್ಯದ ಹಣಕಾಸು ಸಂಸ್ಥೆ, ಇಂದಿನ ಕೆಎಸ್‌ಎಫ್‌ಸಿ ಹುಟ್ಟಿತು. ಕಾರ್ಖಾನೆಗೂ ಆಮದಿಗೂ ಸರ್ಕಾರದ ಅನುಮತಿ ಬೇಕಿದ್ದ ಲೈಸೆನ್ಸ್ ಕಾಲವಾದ್ದರಿಂದ ವಿದೇಶಿ ಪೈಪೋಟಿಯೂ ಕಡಿಮೆ. ಅದರ ಬೆಲೆ ತೆತ್ತವರು ಗ್ರಾಹಕರು, ಅದನ್ನೂ ಮರೆಯಬಾರದು.

1991ರ ಆರ್ಥಿಕ ಉದಾರೀಕರಣದ ನಂತರ ಆಸರೆಯ ದಿಕ್ಕು ಬದಲಾಯಿತು. ಅದೇ ವರ್ಷ ಬಂದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ರಫ್ತುದಾರರಿಗೆ ಡೇಟಾ ಸಂಪರ್ಕವನ್ನೂ ಸುಂಕ ರಿಯಾಯಿತಿಯನ್ನೂ ಕೊಟ್ಟಿತು. ಆಮೇಲೆ ವೆಂಚರ್ ಕ್ಯಾಪಿಟಲ್, ಅಂದರೆ ಹೊಸ ಕಂಪನಿಗಳಲ್ಲಿ ಪಾಲು ಪಡೆದು ಹೂಡುವ ಹಣ, ಬೆಳೆಯಿತು. ಕೋರಮಂಗಲದಲ್ಲಿ ಆಪ್ ಮಾಡಿದ ಹುಡುಗ ಮುಳುಗಿದರೆ ಹೋಗುವುದು ಹೆಚ್ಚಾಗಿ ಹೂಡಿಕೆದಾರರ ದುಡ್ಡು. ಪೀಣ್ಯದಲ್ಲಿ ಲೇತ್ ಇಟ್ಟವನು ಮುಳುಗಿದರೆ ಅಡವಿಟ್ಟ ಮನೆಯೇ ಹೋಗುತ್ತದೆ. ನಿಮ್ಮ ಮಗ ಈ ವ್ಯತ್ಯಾಸ ಕಂಡಿದ್ದಾನೆ.

ದೊಡ್ಡ ಕಂಪನಿ ಬಿಲ್ಲಿಗೆ ನಾಲ್ಕು ತಿಂಗಳು ಸತಾಯಿಸುತ್ತದೆ ಎಂದೂ ಬರೆದಿದ್ದೀರಿ. ನನ್ನನ್ನು ಹೆಚ್ಚು ಕಾಡಿದ್ದು ಇದು. ತಡವಾದರೆ ಬಡ್ಡಿ ಕೊಡಬೇಕೆಂಬ ಕಾನೂನು 1993ರಲ್ಲೇ ಬಂತು. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಗರಿಷ್ಠ 45 ದಿನದ ಗಡುವು ಹಾಕಿತು. ಆದರೂ ದೂರು ಕೊಡುವವರು ಯಾರು? ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪುವ ಭಯ. ಚಿಕ್ಕವನೇ ದೊಡ್ಡವನ ಮೇಲೆ ದೂರಬೇಕಾದ ಕಾನೂನು ಅರ್ಧ ಕಾನೂನು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮ ಆ ಹೊರೆಯನ್ನು ಸ್ವಲ್ಪ ಇಳಿಸಿದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದ ಖರೀದಿದಾರ, ನಿಜವಾಗಿ ಪಾವತಿಸುವ ವರ್ಷದವರೆಗೂ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಈಗ ಅವನ ಆಡಿಟರೇ ಅವನನ್ನು ಕೇಳುತ್ತಾನೆ, ನೀವು ಬಾಯಿ ತೆರೆಯಬೇಕಿಲ್ಲ. ಇಷ್ಟಕ್ಕೆ ಮೂವತ್ತು ವರ್ಷ ಹಿಡಿಯಿತು ಎಂಬುದು ನನಗೆ ಸಿಟ್ಟಿನ ವಿಷಯ. ಮನೆ ಅಡವಿಡದೆ ಯಂತ್ರ ಕೊಳ್ಳುವ ದಾರಿಯೂ ಇಷ್ಟೇ ನಿಧಾನವಾಗಿ ಅಗಲವಾಗುತ್ತಿದೆ.

ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಮಾಡಿಸಿಲ್ಲದಿದ್ದರೆ ಮಾಡಿಸಿ, ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಅಚ್ಚು ಹಾಕಿಸಿ. ಲಿಖಿತ ಒಪ್ಪಂದ ಇಲ್ಲದಿದ್ದರೆ ಗಡುವು 15 ದಿನ ಮಾತ್ರ ಎಂಬುದು ನೆನಪಿರಲಿ. ಒಂದು ವರ್ಷದ ವಸೂಲಿ ಲೆಕ್ಕವನ್ನು ಮಗನ ಮುಂದಿಟ್ಟು ಮಾತಾಡಿ. ಅವನು ಏನೆಂದ ಎಂದು ಬರೆದರೆ ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ