ಕೊಳಕುಮಂಡಲ ಕಚ್ಚಿದರೆ ರಕ್ತ ಯಾಕೆ ಹೆಪ್ಪುಗಟ್ಟುವುದಿಲ್ಲ?

ಪ್ರಶ್ನೆ: ಭತ್ತ ಕೊಯ್ಯುವಾಗ ನಮ್ಮ ಯಜಮಾನರ ಕಾಲಿಗೆ ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಯಲ್ಲಿ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಸುಮ್ನೆ ಇಟ್ಟರು. ಆಮೇಲೆ 10 ವಯಲ್ ಔಷಧ ಕೊಟ್ಟರು. ಆರು ಗಂಟೆ ಬಿಟ್ಟು ನೋಡಿದರೂ ರಕ್ತ ಹೆಪ್ಪುಗಟ್ಟಿರಲಿಲ್ಲ, ಮತ್ತೆ ಔಷಧ ಕೊಟ್ಟರು. ಮೊದಲು ಕೊಟ್ಟದ್ದು ವ್ಯರ್ಥವಾಯಿತೇ? ಈಗ ಮನೆಯಲ್ಲಿದ್ದಾರೆ. ಮುಂದೆ ಏನಾದರೂ ತೊಂದರೆ ಆಗುತ್ತಾ?
– ಓದುಗರೊಬ್ಬರು, ಮಂಡ್ಯ ತಾಲ್ಲೂಕು

ಉತ್ತರ: ಅಮ್ಮಾ, ಆ 20 ನಿಮಿಷ ನಿಮಗೆ ಎಷ್ಟು ಉದ್ದ ಅನ್ನಿಸಿರಬೇಕು! ತಾಲ್ಲೂಕು ಆಸ್ಪತ್ರೆಯ ರಾತ್ರಿ ಡ್ಯೂಟಿಯಲ್ಲಿ ಆ ಟ್ಯೂಬನ್ನು ನೋಡುತ್ತಾ ನಾನೂ ಎಷ್ಟೋ ಸಲ ಕೂತಿದ್ದೇನೆ. ಅದು ಸುಮ್ನೆ ಕಾಯುವುದಲ್ಲ. ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ, ಅಲುಗಾಡಿಸದೆ ಇಟ್ಟು, ಸಮಯ ಆದ ಮೇಲೆ ಒಂದು ಸಲ ಬಾಗಿಸುತ್ತೇವೆ. ಚೆನ್ನಾಗಿರುವ ರಕ್ತ ಗಟ್ಟಿ ಮೊಸರಿನ ಹಾಗೆ ಕದಲದೆ ನಿಲ್ಲುತ್ತದೆ. ವಿಷ ಏರಿದ್ದರೆ ನೀರಿನ ಹಾಗೆ ಹರಿದುಬಿಡುತ್ತದೆ. ಗಾಜೇ ಆಗಬೇಕು. ಟ್ಯೂಬಿನಲ್ಲಿ ಹೆಪ್ಪುಗಟ್ಟುವ ಕೆಲಸ ಶುರುವಾಗುವುದೇ ಗಾಜು ತಾಕಿದಾಗ. ಪ್ಲಾಸ್ಟಿಕ್ಕಿನಲ್ಲೋ ಸೋಪು ಹಾಕಿ ತೊಳೆದ ಟ್ಯೂಬಿನಲ್ಲೋ ನೋಡಿದರೆ ಮೋಸ ಹೋಗುತ್ತೇವೆ.

ಕೊಳಕುಮಂಡಲದ ವಿಷ ರಕ್ತವನ್ನು ತೆಳು ಮಾಡುತ್ತದೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಮೊದಲು ಮಾಡುವುದು ಉಲ್ಟಾ ಕೆಲಸ. ರಕ್ತದಲ್ಲಿರುವ ಫ್ಯಾಕ್ಟರ್ 5 ಮತ್ತು 10 ಎಂಬ ಪ್ರೋಟೀನುಗಳನ್ನು ಕೆರಳಿಸಿ, ಮೈಯೆಲ್ಲ ಸಣ್ಣಸಣ್ಣದಾಗಿ ಹೆಪ್ಪು ಕಟ್ಟಿಸುತ್ತದೆ. ಗಾಯ ಮುಚ್ಚಲು ಬೇಕಾದ ಫೈಬ್ರಿನೋಜನ್ ಹೀಗೆ ಸುಮ್ಮಸುಮ್ಮನೆ ಖರ್ಚಾಗಿ ಹೋಗುತ್ತದೆ. ಆಮೇಲೆ ಒಸಡಿನಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುವುದಿಲ್ಲ. ಕಚ್ಚಿದ ಜಾಗವನ್ನು ಬ್ಲೇಡಿನಿಂದ ಗೀರಿಸಿಕೊಂಡು ಬಂದವರೊಬ್ಬರ ಕಾಲಿಗೆ ನಾನು ಇಟ್ಟ ಹತ್ತಿ ಎರಡೇ ನಿಮಿಷಕ್ಕೆ ತೊಯ್ದುಹೋಗಿತ್ತು. ದಯವಿಟ್ಟು ಯಾರೂ ಗೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕಾಲು ಅಲುಗಾಡದಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನು ಔಷಧದ ವಿಷಯ. ಅದು ವ್ಯರ್ಥ ಆಗಿಲ್ಲ. ಕುದುರೆಯ ರಕ್ತದಿಂದ ತಯಾರಿಸುವ ಆ ಔಷಧ ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ, ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ, ಅಷ್ಟೇ. ಖರ್ಚಾದ ಫೈಬ್ರಿನೋಜನ್ನನ್ನು ಲಿವರ್ರೇ ಹೊಸದಾಗಿ ಮಾಡಬೇಕು. ಅದಕ್ಕೆ ಸಮಯ ಬೇಕಲ್ವಾ? ಅದಕ್ಕೇ ಆರು ಗಂಟೆ ಬಿಟ್ಟು ನೋಡುತ್ತೇವೆ. ಆಗಲೂ ಹೆಪ್ಪುಗಟ್ಟದಿದ್ದರೆ ವಿಷ ಇನ್ನೂ ಉಳಿದಿದೆ ಅಂತ ತಿಳಿದು ಮತ್ತೆ ಕೊಡುತ್ತೇವೆ. ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿಯೇ ಇದೆ.

ನಮ್ಮಲ್ಲಿ ಸಿಗುವ ಈ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಪಶ್ಚಿಮ ಘಟ್ಟದ ತೋಟಗಳಲ್ಲಿರುವ ಮೂಗು ಮೇಲೆದ್ದ ಪುಟ್ಟ ಮಂಡಲದ ಹಾವು ಕಚ್ಚಿದರೂ ರಕ್ತ ಹೀಗೇ ಕೆಡಬಹುದು. ಅದಕ್ಕೆ ಈ ಔಷಧ ನಾಟುವುದಿಲ್ಲ ಎನ್ನುವುದು ನನಗೆ ದೊಡ್ಡ ಚಿಂತೆ. ಹಾವಿನ ವಿಷಕ್ಕೆ ವರೆಸ್ಪ್ಲಾಡಿಬ್ ಎಂಬ ಮಾತ್ರೆಯ ಪ್ರಯೋಗ ರೋಗಿಗಳ ಮೇಲೂ ನಡೆದಿದೆ, ಆದರೆ ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಈ ಇಂಜೆಕ್ಷನ್ನೇ.

ಯಜಮಾನರ ಮೂತ್ರದ ಮೇಲೆ ಕಣ್ಣಿಡಿ. ಈ ವಿಷ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಮೂತ್ರ ಕಮ್ಮಿಯಾದರೆ, ಮುಖ ಊದಿಕೊಂಡರೆ ಅವತ್ತೇ ಕರೆದುಕೊಂಡು ಹೋಗಿ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡಿಸಿ. ಔಷಧ ಕೊಟ್ಟು ಒಂದೆರಡು ವಾರಕ್ಕೆ ಜ್ವರ, ಕೀಲುನೋವು, ಮೈ ತುರಿಕೆ ಬಂದರೆ ಗಾಬರಿ ಬೇಡ, ಅದು ಔಷಧದ್ದೇ ಅಡ್ಡಪರಿಣಾಮ ಇರಬಹುದು. ಅಂಗಡಿಯ ಮಾತ್ರೆ ನುಂಗಿಸಬೇಡಿ, ಡಿಸ್ಚಾರ್ಜ್ ಚೀಟಿ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ.